ಸಾಹೇಬರ ಕೀಲುಮೀನು ಮತ್ತು ನಮ್ಮ ಪಡಸಾಲೆಯ ಸಮುದ್ರ

ವಿಜಾಪುರ,
೧೪ನೇ ಜೂನ್ ೧೯೬೫

ಮಾನ್ಯ ಮೇಲಿಂಜಿನಿಯರ್ ಸಾಹೇಬರೇ,

ಸರಕಾರಿ ವಸತಿಗಳ ಮೂರನೇ ಸಾಲಿನ ಕಡೆಯ ಮನೆಯಿಂದ, ರೊಟ್ಟಿ ಬಡಿದ ಕೈ ತೊಳೆದುಕೊಂಡು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಪರಸವ್ವ ಎಂಬ ಗೃಹಿಣಿ ಮಾಡುವ ನಮಸ್ಕಾರಗಳನ್ನು ತಾವು ತಮ್ಮ ಉನ್ನತವಾದ ಕುರ್ಚಿಯಿಂದ ತುಸುವೇ ಬಾಗಿ ಸ್ವೀಕರಿಸಬೇಕಾಗಿ ಪ್ರಾರ್ಥನೆ. ತಮ್ಮ ಆರೋಗ್ಯ ಚೆನ್ನಾಗಿದೆಯೆಂದೂ, ತಮ್ಮ ರುಜು ಈಗಲೂ ಮೊದಲಿನ ಹಾಗೆಯೇ ಕಾಗದದ ಅರ್ಧ ಭಾಗವನ್ನು ಆಕ್ರಮಿಸುತ್ತದೆಯೆಂದೂ ಕೇಳಿ ಸಂತೋಷಪಟ್ಟಿದ್ದೇನೆ.

ತಾವು ನನ್ನನ್ನು ಬಲ್ಲವರಲ್ಲ. ತಮ್ಮ ಇಲಾಖೆಯಲ್ಲಿ ಹನ್ನೊಂದು ವರ್ಷಗಳಿಂದ ಹಂಗಾಮಿ ಗುಮಾಸ್ತರಾಗಿಯೇ ಇರುವ ಅಮೋಘಿಯವರ ಹೆಂಡತಿ ನಾನು. ತಿಕೋಟಾದ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದವರ ಮಗಳು. ಕನ್ನಡ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಸರಕಾರಿ ನೌಕರರು ಮೇಲಧಿಕಾರಿಗಳ ವಿಷಯವಾಗಿ ಪತ್ರಿಕೆಗೆ ಬರೆಯುವಂತಿಲ್ಲ ಎಂಬ ನಿಯಮವಿದೆಯಂತೆ. ಯಜಮಾನರು ಆ ನಿಯಮವನ್ನು ನನಗೆ ಎರಡು ಸಲ ಓದಿ ಹೇಳಿದರು. ನಾನು ಎರಡು ಸಲವೂ ಕಿವಿಗೊಟ್ಟು ಕೇಳಿದೆ. ಅದರಲ್ಲಿ ಹೆಂಡತಿಯ ಸುದ್ದಿ ಎಲ್ಲಿಯೂ ಬರಲಿಲ್ಲ.

ಖಾಸಗಿಯಾಗಿ ಮನವಿ ಮಾಡಿಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮೂರು ಮನವಿಗಳು ಹೋಗಿವೆ, ಸಾಹೇಬರೇ. ಮನವಿಯು ಕ್ರಮಬದ್ಧವಾಗಿ ಒಂದೊಂದೇ ಮೇಜನ್ನು ಏರುತ್ತ ಹೋಗಬೇಕೆಂಬುದು ಪದ್ಧತಿ; ಹಾಗೆ ಏರುತ್ತ ಏರುತ್ತ ಅದು ಕಡೆಗೆ ತಮ್ಮ ಮೇಜನ್ನೇ ತಲುಪುತ್ತದೆ; ತಮ್ಮ ಬಗೆಗಿನ ದೂರನ್ನು ತಾವು ಯಾವ ಪಕ್ಷಪಾತವೂ ಇಲ್ಲದೆ ಓದಿ, ತಮ್ಮಲ್ಲಿ ತಪ್ಪೇನೂ ಇಲ್ಲವೆಂದು ಕಂಡುಕೊಂಡು, ಬಂದ ದಾರಿಯಿಂದಲೇ ಕೆಳಗಿಳಿಸುತ್ತೀರಿ. ಇಂಥ ನಿರ್ಮಲವಾದ ನ್ಯಾಯ ನಾಲ್ಕು ಜನರ ಕಣ್ಣಿಗೆ ಬೀಳದೆ ಹೋಗಬಾರದೆಂಬ ಒಂದೇ ಆಸೆಯಿಂದ ಈ ಪತ್ರವನ್ನು ಬಹಿರಂಗಪಡಿಸುತ್ತಿದ್ದೇನೆ.

ವಿಷಯ ಮೀನಿನದು.

ತಾವು ೧೯೬೨ರ ಮಳೆಗಾಲದ ಆರಂಭದಲ್ಲಿ ಕಾರವಾರದಿಂದ ಈ ಊರಿಗೆ ದಯಮಾಡಿಸಿದಾಗ, ಲಾರಿಯಲ್ಲಿ ತಮ್ಮ ಸಾಮಾನುಗಳ ಜೊತೆಗೆ ನಾಲ್ಕು ಅಡಿ ಉದ್ದದ ಒಂದು ಗಾಜಿನ ತೊಟ್ಟಿಯೂ, ಸೀಸೆಯಂಥ ದೊಡ್ಡ ಗಾಜಿನ ಬುರುಡೆಗಳಲ್ಲಿ ಸಮುದ್ರದ ನೀರೂ, ಒಂದು ಜಾಡಿಯಲ್ಲಿ ನಾಲ್ಕು ಮೀನುಗಳೂ ಬಂದವು. ಕುಡಿಯುವ ನೀರಿಗೇ ಸರದಿ ಹಚ್ಚುವ ನಮ್ಮ ಊರಿಗೆ ತಾವು ಸಮುದ್ರವನ್ನು ತಂದಿರಿ. ನಾಲ್ಕು ತಿಂಗಳು ಅದು ತಮ್ಮ ಬಂಗಲೆಯಲ್ಲಿ ಸುಖವಾಗಿತ್ತು. ದಸರೆಯ ಹೊತ್ತಿಗೆ ತಮಗೆ ವರ್ಗವಾಯಿತು. ತಾವು ನನ್ನ ಯಜಮಾನರನ್ನು ಕರೆದು, ಹೊಸ ಊರಿನಲ್ಲಿ ಮನೆ ಗೊತ್ತಾಗುವವರೆಗೆ, ಎಂಟು ದಿನದ ಮಟ್ಟಿಗೆ, ತೊಟ್ಟಿಯನ್ನು ನಮ್ಮ ಮನೆಯಲ್ಲಿ ಇರಿಸಿಕೊಳ್ಳಬೇಕೆಂದು ಅಪ್ಪಣೆ ಮಾಡಿದಿರಿ. ಆ ಎಂಟು ದಿನಗಳು ಮುಗಿಯಲು ಎರಡು ವರ್ಷ ಮೂರು ತಿಂಗಳು ಹಿಡಿದವು. ಸರಕಾರದ ಸೇತುವೆಗಳಿಗಿಂತ ಬೇಗನೆ ಮುಗಿದವೆಂಬುದೇ ನಮ್ಮ ಹೆಮ್ಮೆ.

ತೊಟ್ಟಿಯೊಂದಿಗೆ ತಾವು ಬರೆದುಕೊಟ್ಟ ಸೂಚನಾಪತ್ರವೂ ಬಂತು. ನೀರು ಆರಿ ಕಡಿಮೆಯಾದಾಗ ಗಾಜಿನ ಮೇಲಿನ ಗೆರೆಯವರೆಗೆ ಸಿಹಿನೀರನ್ನೇ ಹಾಕಬೇಕು, ಉಪ್ಪುನೀರನ್ನಲ್ಲ. ಏಕೆಂದರೆ ಆರಿ ಹೋಗುವುದು ನೀರು, ಉಪ್ಪು ಅಲ್ಲಿಯೇ ಉಳಿಯುತ್ತದೆ—ಈ ಮಾತು ಸತ್ಯವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಬಾವಿಯ ನೀರು ಗಡಸು ಎಂದು ಪಕ್ಕದ ಮನೆಯ ಬಾನುಬಿಯವರ ಮಾಳಿಗೆಯ ಮಳೆನೀರನ್ನು ಕೊಡಗಳಲ್ಲಿ ಹಿಡಿದಿಟ್ಟು ಹಾಕಿದೆವು. ಆದರೆ ಸೂಚನೆಗಳಲ್ಲಿ ಮೊದಲನೆಯದು ಹೀಗಿತ್ತು: ‘ಇವು ಪರಸ್ಪರ ಹೊಂದಿಕೊಂಡು ಬಾಳುವ ಮೀನುಗಳು, ಯಾವ ಚಿಂತೆಯೂ ಬೇಡ.’ ಈ ಸೂಚನೆಯ ಒಂದು ನಕಲನ್ನು ಮೀನುಗಳಿಗೂ ಕೊಡಬೇಕಾಗಿತ್ತು.

ನಾಲ್ಕರಲ್ಲಿ ಒಂದು ಹೆಬ್ಬೆಟ್ಟಿನಷ್ಟು ಉದ್ದದ ನೀಲಿ ಮೀನು. ತಮ್ಮ ಪಟ್ಟಿಯಲ್ಲಿ ಅದರ ಹೆಸರು ‘ಡ್ಯಾಮ್ಸೆಲ್’ ಎಂದಿತ್ತು. ಯಜಮಾನರು ಕಚೇರಿಯ ನಿಘಂಟು ನೋಡಿ ಬಂದು, ಹಾಗೆಂದರೆ ‘ಕುಮಾರಿ’ ಎಂದು ಹೇಳಿದರು. ಎರಡು ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಮೀನುಗಳು, ಒಂದು ದೊಡ್ಡದು, ಒಂದು ಸಣ್ಣದು, ಗಂಡಹೆಂಡತಿಯಂತೆ. ಮತ್ತೊಂದು ಹಳದಿಯದು, ಅಂಗೈಯಗಲ, ಚಿಟ್ಟೆಯ ಹಾಗೆ. ತೊಟ್ಟಿಯನ್ನು ನಮ್ಮ ಪಡಸಾಲೆಯ ಕಟ್ಟೆಯ ಮೇಲೆ ಇರಿಸಿ, ಕಲ್ಲುಗಳನ್ನೂ ಒಂದು ಒಡಕು ಗಡಿಗೆಯನ್ನೂ ಒಳಗಿಟ್ಟು, ಗಾಳಿ ಊದುವ ಕರೆಂಟಿನ ಪೆಟ್ಟಿಗೆಯನ್ನು ಜೋಡಿಸಿ, ಮೀನುಗಳನ್ನು ಬಿಟ್ಟದ್ದೇ ತಡ, ಕುಮಾರಿಯವರು ನೇರವಾಗಿ ಗಡಿಗೆಯೊಳಗೆ ಹೊಕ್ಕು, ಅಲ್ಲಿಂದ ಇಡೀ ತೊಟ್ಟಿಯ ಮೇಲೆ ತಮ್ಮ ಅಧಿಕಾರವನ್ನು ಸಾರಿದರು. ತಮಗಿಂತ ಮೂರು ಪಾಲು ದೊಡ್ಡದಾದ ಹಳದಿ ಮೀನನ್ನು ಒಂದು ಮೂಲೆಗೆ ಅಟ್ಟಿದರು. ಗಂಡಹೆಂಡಿರನ್ನು ಇನ್ನೊಂದು ಮೂಲೆಗೆ ಅಟ್ಟಿದರು. ಯಾರಾದರೂ ಒಂದು ಗೇಣು ಮುಂದೆ ಬಂದರೆ ಹೋಗಿ ಹಾಯ್ದರು. ಮೂರು ದಿನ ಹಳದಿ ಮೀನು ಒಂದು ಕಾಳೂ ತಿನ್ನಲಿಲ್ಲ. ಅದರ ಬಣ್ಣ ಬಿಳಿಚಿತು. ಅದನ್ನು ನೋಡಿ ನೋಡಿ ಯಜಮಾನರ ಬಣ್ಣವೂ ಬಿಳಿಚಿತು; ಆ ವರ್ಷ ಅವರ ಕೆಲಸ ಕಾಯಂ ಆಗುವ ಮಾತು ನಡೆದಿತ್ತು.

ಇಲ್ಲಿ ನಮ್ಮ ಅತ್ತೆಯವರ ವಿಷಯವನ್ನು ತಮ್ಮ ಅವಗಾಹನೆಗೆ ತರಬೇಕು. ಅವರ ಹೆಸರು ಹೊಳೆವ್ವ. ಅರಕೇರಿಯ ಕುರಿಗಾರರ ಮನೆಯವರು. ನಾಲ್ಕು ನೂರು ಕುರಿಗಳ ಹಿಂದೆ ನಡೆದು ನಡೆದು ಮುದುಕಿಯಾದವರು. ಮಾವನವರು ತೀರಿಕೊಂಡ ಮೇಲೆ ಹಿಂಡು ಹಿರಿಯ ಮಗನ ಪಾಲಿಗೆ ಹೋಯಿತು, ತಾಯಿ ಕಿರಿಯ ಮಗನ ಪಾಲಿಗೆ ಬಂದರು. ಎರಡು ಕೋಣೆಯ ಸರಕಾರಿ ವಸತಿಯಲ್ಲಿ ಅವರಿಗೆ ಕಾಯುವುದಕ್ಕೆ ಏನೂ ಇರಲಿಲ್ಲ. ನನ್ನ ಒಲೆ ಅವರಿಗೆ ಸರಿಬರಲಿಲ್ಲ. ಅವರ ಕಂಬಳಿಯ ವಾಸನೆ ನನಗೆ ಸರಿಬರಲಿಲ್ಲ. ನಾವು ಜಗಳವಾಡುತ್ತಿರಲಿಲ್ಲ. ಜಗಳವಾಡಲು ಮಾತು ಬೇಕು. ಅವರಿಗೆ ಏನಾದರೂ ಹೇಳಬೇಕಿದ್ದರೆ ಗೋಡೆಗೆ ಹೇಳುತ್ತಿದ್ದರು: “ಸಾರಿಗೆ ಉಪ್ಪ ಸಾಲಂಗಿಲ್ಲ.” ನಾನೂ ಅದೇ ಗೋಡೆಗೆ ಉತ್ತರ ಕೊಡುತ್ತಿದ್ದೆ. ಎರಡು ವರ್ಷ ಆ ಗೋಡೆ ನಮ್ಮಿಬ್ಬರನ್ನೂ ಸಹಿಸಿಕೊಂಡಿತು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತ ಕುಳಿತಿದ್ದೆ. ಅತ್ತೆಯವರು ಬೆಳಗಿನಿಂದ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವರು ಎದ್ದಿರಲಿಲ್ಲ. ಇದ್ದಕ್ಕಿದ್ದ ಹಾಗೆ, “ಪರಸವ್ವಾ, ಇತ್ತ ಬಾ,” ಎಂದರು. ಗೋಡೆಗಲ್ಲ, ನನಗೆ. ನಾನು ಮೊರವನ್ನು ಅಲ್ಲಿಯೇ ಬಿಟ್ಟು ಎದ್ದು ಹೋದೆ.

“ಆ ನೀಲಿದು ನೋಡು. ಅದು ಸೊಕ್ಕಿಲೆ ಹಾಯಾಕತ್ತಿಲ್ಲ, ಅಂಜಿ ಹಾಯಾಕತ್ತೈತಿ. ಇರೂದ ಒಂದು ಗಡಗಿ. ಅದನ್ನ ಬಿಟ್ರ ಮನಿ ಇಲ್ಲ ಅಂತ ಅದಕ್ಕ ಗೊತ್ತಾಗೈತಿ.”

“ಮತ್ತ ಈ ಹಳದಿದು ಯಾಕ ತಿನ್ನವಲ್ದು ಅತ್ತಿ?” ಎಂದೆ.

“ಕುರಿ ನೆಲಾ ನೋಡಿ ಮೇಯ್ತಾವು, ಆಡು ಕಂಟಿ ನೋಡಿ ಮೇಯ್ತಾವು. ನೀವು ಕಾಳು ಮ್ಯಾಲ ಚೆಲ್ತೀರಿ. ಇದರ ಮೂತಿ ನೋಡು, ಹೆಂಗ ಚೂಪೈತಿ. ಕಲ್ಲಿನ ಸಂದಿಗೆ ಮೂತಿ ಹಚ್ಚೂದು ಇದು. ಕಲ್ಲಿಗೆ ಒರಸಿ ಕೊಡ್ರಿ.”

ಯಜಮಾನರು ಕಚೇರಿಯಿಂದ ಬಂದು ತಮ್ಮ ಸೂಚನಾಪತ್ರವನ್ನು ಹಿಡಿದುಕೊಂಡು, ಇದರಲ್ಲಿ ಹಾಗೆ ಬರೆದಿಲ್ಲ ಎಂದರು. ಅತ್ತೆಯವರು ಅಕ್ಷರ ಬಲ್ಲವರಲ್ಲವಾದ್ದರಿಂದ ಆ ಅಡಚಣೆ ಅವರಿಗೆ ತಟ್ಟಲಿಲ್ಲ. ನೆನೆಸಿದ ಒಣ ಸೀಗಡಿಯನ್ನು ಅರೆದು ಕಲ್ಲಿನ ತೂತುಗಳಿಗೆ ತಿಕ್ಕಿ ನೀರಿಗೆ ಇಳಿಸಿದರು. ನೀಲಿ ಮೀನನ್ನು ಜಾಳಿಗೆಯಿಂದ ಹಿಡಿದು, ಬಾಯಗಲದ ಗಾಜಿನ ಬರಣಿಯೊಳಗೆ ಬಿಟ್ಟು, ಬಾಯಿಗೆ ಅರಿವೆ ಕಟ್ಟಿ, ಆ ಬರಣಿಯನ್ನೇ ತೊಟ್ಟಿಯೊಳಗೆ ಇಳಿಬಿಟ್ಟರು. ದಿನಕ್ಕೆ ನಾಲ್ಕೈದು ಸಲ ಅದರ ನೀರು ಬದಲಿಸಿದರು. ಹಾಯುವ ಟಗರನ್ನು ನಾಲ್ಕು ದಿನ ಹಿಂಡಿನ ಕಣ್ಣೆದುರಿಗೇ ಬೇರೆ ಕಟ್ಟುತ್ತಾರಂತೆ. ಎಲ್ಲರೂ ಅದನ್ನು ನೋಡಬೇಕು, ಅದೂ ಎಲ್ಲರನ್ನೂ ನೋಡಬೇಕು, ಆದರೆ ತಲೆ ತಾಗಬಾರದು. ಆ ನಾಲ್ಕು ದಿನಗಳಲ್ಲಿ ಒಳಗಿನ ಕಲ್ಲುಗಳನ್ನೆಲ್ಲ ಬೇರೆ ಬೇರೆಯಾಗಿ ಜೋಡಿಸಿ, ಇನ್ನೂ ಎರಡು ಒಡಕು ಗಡಿಗೆ ಇಟ್ಟು, ಉಳಿದವು ತಂತಮ್ಮ ಜಾಗ ಹಿಡಿದ ಮೇಲೆ, ಐದನೆಯ ದಿನ ಕುಮಾರಿಯವರನ್ನು ಬಿಟ್ಟರು. ಈಗ ಹೊಸದಾಗಿ ಬಂದವರು ಅವರೇ ಆಗಿದ್ದರು. ಹಳೆಯ ಗಡಿಗೆ ಹುಡುಕಿದರು, ಸಿಗಲಿಲ್ಲ. ತುಸು ಹೊತ್ತು ಅತ್ತಿತ್ತ ಓಡಾಡಿ, ಒಂದು ಮೂಲೆಯ ಗಡಿಗೆಯೊಳಗೆ ಹೊಕ್ಕು ಸುಮ್ಮನಾದರು. ಆ ಹೊತ್ತಿಗೆ ಹಳದಿ ಮೀನು ಕಲ್ಲಿಗೆ ಮೂತಿ ಹಚ್ಚಿ ತಿನ್ನುತ್ತಿತ್ತು. ಅತ್ತೆಯವರು ನನ್ನ ಭುಜಕ್ಕೆ ಕೈ ಊರಿ ಎದ್ದರು. ಎರಡು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಅಲ್ಲಿಂದ ಹದಿನಾರು ತಿಂಗಳು ನಮ್ಮ ಪಡಸಾಲೆಯಲ್ಲಿ ಸಮುದ್ರ ಶಾಂತವಾಗಿತ್ತು. ಕರೆಂಟು ಹೋದಾಗಲೆಲ್ಲ ಅತ್ತೆಯವರು ಚರಿಗೆಯಿಂದ ನೀರು ಎತ್ತಿ ಎತ್ತಿ ಸುರಿಯುತ್ತ ಮೀನುಗಳಿಗೆ ಗಾಳಿ ಹಾಕಿದರು. ಜೀಪಿನ ಚಾಲಕರೂ ಬಾನುಬಿಯವರ ಗಂಡನೂ ಆದ ಸಿಕಂದರಭಾಯಿ ಕಾರವಾರಕ್ಕೆ ಹೋದಾಗಲೆಲ್ಲ ಗಾಜಿನ ಬುರುಡೆಗಳಲ್ಲಿ ಹೊಸ ನೀರು ತಂದುಕೊಟ್ಟರು. ಸುದ್ದಿ ಹಬ್ಬಿ, ರವಿವಾರದ ಸಂತೆಗೆ ಬಂದ ಘೋಣಸಗಿಯವರು, ಕಳ್ಳಕವಟಗಿಯವರು, ಬಬಲೇಶ್ವರದ ಕಡೆಯವರು, ಎತ್ತುಗಳನ್ನು ಹೊರಗೆ ಬಿಟ್ಟು ಸಮುದ್ರ ನೋಡಲು ಬರತೊಡಗಿದರು. ಒಬ್ಬ ಹಿರಿಯರು ಬೆರಳು ಅದ್ದಿ ನಾಲಿಗೆಗೆ ಹಚ್ಚಿ, “ಖರೇನs ಉಪ್ಪೈತಿ! ನಾವು ಸುಳ್ಳ ಅಂತ ತಿಳದಿದ್ವಿ,” ಎಂದು ಅತ್ತೆಯವರಿಗೆ ಕೈಮುಗಿದು ಹೋದರು. ನಾಲ್ಕು ಮೀನುಗಳು, ನಾವು ಮೂರು ಜನ, ಆ ಎರಡು ಕೋಣೆಗಳಲ್ಲಿ ಯಾರಿಗೂ ಯಾರೂ ಹೆಚ್ಚಾಗಲಿಲ್ಲ.

ಇಷ್ಟು ದೀರ್ಘವಾದ ಶಾಂತಿಯನ್ನು ಯಾವ ಮೇಲಧಿಕಾರಿಯೂ ಸಹಿಸಬಾರದು. ತಾವು ಸಹಿಸಲಿಲ್ಲ. ಅಷ್ಟರಲ್ಲಿ ತಾವು ಬಡ್ತಿ ಹೊಂದಿ, ನಮ್ಮ ಕಚೇರಿಯೂ ಸೇರಿದಂತೆ ಹಲವು ಜಿಲ್ಲೆಗಳ ಮೇಲೆ ಅಧಿಕಾರಿಗಳಾಗಿದ್ದಿರಿ. ೧೯೬೪ರ ಫೆಬ್ರುವರಿಯಲ್ಲಿ ಸಿಕಂದರಭಾಯಿಯ ಜೀಪಿನಲ್ಲಿ ಒಂದು ಜಾಡಿಯನ್ನೂ ಒಂದು ಚೀಟಿಯನ್ನೂ ಕಳುಹಿಸಿದಿರಿ. ಜಾಡಿಯಲ್ಲಿ ಒಂದು ಗೇಣು ಉದ್ದದ, ಬೂದುಬಣ್ಣದ, ಹಣೆಯ ಮೇಲೆ ಕಣ್ಣುಳ್ಳ ಮೀನು. ಚೀಟಿಯಲ್ಲಿ: ‘ಇದು ಕೀಲುಮೀನು, ನನಗೆ ಅತ್ಯಂತ ಪ್ರಿಯವಾದುದು. ಉಳಿದವುಗಳೊಂದಿಗೆ ಹೊಂದಿಕೊಳ್ಳುತ್ತದೆ. ಇಂದೇ ತೊಟ್ಟಿಗೆ ಬಿಡತಕ್ಕದ್ದು.’ ‘ಇಂದೇ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಿರಿ.

ಸಿಕಂದರಭಾಯಿ ಜಾಡಿಯನ್ನು ಇಳಿಸುತ್ತ, “ಅಕ್ಕಾರ, ಕಾರವಾರದಿಂದ ಇಲ್ಲೀತನಾ ಇದು ನನ್ನ ಕೂಡ ಜಗಳಾಡ್ಕೋತ ಬಂದೈತಿ ನೋಡ್ರಿ. ನೀರ ನೋಡಾಕ ಮುಚ್ಚಳಾ ತಗದ್ರ ಬೆರಳಿಗೆ ಬಾಯಿ ಹಾಕ್ತು,” ಎಂದರು. ಅತ್ತೆಯವರು ಜಾಡಿಯೊಳಗೆ ಬಗ್ಗಿ ನೋಡಿದರು. ಅದರ ಬಾಯಿ ಸಣ್ಣದು, ಹಲ್ಲು ಮಾತ್ರ ಉಳಿಯ ಹಾಗೆ. ಅವರು ಮಗನಿಗೆ ಹೇಳಿದರು: “ಯಪ್ಪಾ, ಇದನ್ನ ಒಳಗ ಬಿಡಬ್ಯಾಡ. ನಾಕ ದಿನಾ ಬ್ಯಾರೆ ಇಡೂನು. ನೋಡೂನು.”

ಯಜಮಾನರು ಚೀಟಿ ಹಿಡಿದು ನಿಂತಿದ್ದರು. “ಅವ್ವಾ, ಸಾಹೇಬ್ರು ಬರದಾರ. ಇವತ್ತs ಅಂತ ಬರದಾರ.”

“ಬರದಾವ್ರು ಇದರ ಹಲ್ಲ ನೋಡ್ಯಾರೇನ?”

ಸಾಹೇಬರೇ, ನನ್ನ ಯಜಮಾನರು ಕೆಟ್ಟವರಲ್ಲ. ಹನ್ನೊಂದು ವರ್ಷ ಹಂಗಾಮಿಯಾಗಿರುವ ಮನುಷ್ಯನಿಗೆ ಲಿಖಿತ ಆದೇಶವೊಂದು ತಾಯಿಯ ಮಾತಿಗಿಂತ ಭಾರವಾಗಿ ಕೈಯಲ್ಲಿ ಕೂರುತ್ತದೆ. ನಾನು ಅವರ ಮುಖವನ್ನು ನೋಡಿದೆ, ಬೇಡವೆನ್ನಬೇಕೆಂದುಕೊಂಡೆ, ಅನ್ನಲಿಲ್ಲ. ಕಾಯಂ ಆಗಬೇಕೆಂಬ ಆಸೆ ನನಗೂ ಇತ್ತು. ಅವರು ಜಾಡಿಯನ್ನು ಬಗ್ಗಿಸಿ ಮೀನನ್ನು ತೊಟ್ಟಿಗೆ ಬಿಟ್ಟು, ಚೀಟಿಯ ಹಿಂದೆ ‘ಆದೇಶದಂತೆ ಬಿಡಲಾಗಿದೆ’ ಎಂದು ಬರೆದು, ವೇಳೆ ಹಾಕಿ, ಕಚೇರಿಗೆ ಹೋದರು.

ತಮ್ಮ ಪ್ರಿಯಮೀನಿನ ಕಾರ್ಯದಕ್ಷತೆಯನ್ನು ಹೊಗಳಲು ನನ್ನ ಮುಲ್ಕಿಯ ಕನ್ನಡ ಸಾಲದು. ಅದು ಮೊದಲು ಒಂದು ಸುತ್ತು ತಪಾಸಣೆ ಮಾಡಿತು. ಆಮೇಲೆ ನಾವು ಜೋಡಿಸಿದ್ದ ಕಲ್ಲುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಎತ್ತಿ ಬೇರೆ ಕಡೆ ಒಗೆಯಿತು. ಹಿಂದಿನ ವ್ಯವಸ್ಥೆ ಏನೇ ಇರಲಿ, ಅದನ್ನು ಕೆಡವದೆ ಅಧಿಕಾರ ವಹಿಸಿಕೊಂಡಂತಾಗುವುದಿಲ್ಲವಲ್ಲ. ಆಮೇಲೆ ಗಂಟಲಿನಿಂದ ಗೊರ್ ಗೊರ್ ಎಂದು ಸದ್ದು ಮಾಡುತ್ತ ದೊಡ್ಡ ಕಿತ್ತಳೆ ಮೀನಿನ ಕಡೆಗೆ ಹೋಯಿತು. ನಾನು ಕೂಗಿ ಅತ್ತೆಯವರನ್ನು ಕರೆಯುವಷ್ಟರಲ್ಲಿ ಅದರ ಹೊಟ್ಟೆ ಹರಿದಿತ್ತು. ಹಳದಿ ಮೀನಿನ ಬಾಲ ಅರ್ಧ ಹೋಗಿತ್ತು. ಅತ್ತೆಯವರು ಓಡಿ ಬಂದವರೇ ಜಾಳಿಗೆ ಹುಡುಕಲಿಲ್ಲ; ಎರಡೂ ಕೈಗಳನ್ನು ನೀರಿಗೆ ಹಾಕಿ ಹಳದಿ ಮೀನನ್ನು ಮರೆಮಾಡಿ ಹಿಡಿದರು. ಕೀಲುಮೀನು ಅವರ ಉಂಗುರಬೆರಳನ್ನು ಕಚ್ಚಿತು. ನೀರಿನಲ್ಲಿ ರಕ್ತ ಹೊಗೆಯ ಹಾಗೆ ಏರಿತು. ಅವರು ಕೈ ತೆಗೆಯಲಿಲ್ಲ. “ಬರಣಿ ತಾ, ಬರಣಿ,” ಎಂದಷ್ಟೇ ಅಂದರು.

ಹಳದಿಯದು ಬರಣಿಗೆ ಬಂದ ಮೇಲೆ ಕೀಲುಮೀನನ್ನು ಹಿಡಿಯಲು ಹೋದೆವು. ಅದು ಒಂದು ಕಲ್ಲಿನ ಬಿರುಕಿನಲ್ಲಿ ಹೊಕ್ಕು, ಬೆನ್ನಿನ ಮೇಲಿನ ಮುಳ್ಳನ್ನು ಎಬ್ಬಿಸಿ, ಬಾಗಿಲಿಗೆ ಅಗಳಿ ಹಾಕಿದ ಹಾಗೆ ಗಟ್ಟಿಯಾಗಿ ಕೂತುಬಿಟ್ಟಿತು. ಕುರ್ಚಿ ಹಿಡಿದು ಕೂರುವ ಈ ವಿದ್ಯೆಗಾಗಿಯೇ ಅದಕ್ಕೆ ಕೀಲುಮೀನೆಂಬ ಹೆಸರು ಬಂದಿದೆಯೆಂದು ಆಗ ತಿಳಿಯಿತು. ಎಳೆದರೆ ಬರಲಿಲ್ಲ. ಕಡೆಗೆ ಬಾನುಬಿಯವರೂ ಬಂದು, ನಾವು ಮೂವರು ಹೆಂಗಸರು ಕಲ್ಲನ್ನು ಮೀನಿನ ಸಮೇತ ಎತ್ತಿ, ಅಂಗಳದಲ್ಲಿದ್ದ, ದನಗಳಿಗೆ ನೀರು ಕುಡಿಸುವ ಕಲ್ಲುಬಾನಿಯನ್ನು ತೊಳೆದು ಬುರುಡೆಯ ಸಮುದ್ರದ ನೀರು ಹಾಕಿ, ಅದರೊಳಗೆ ಇಳಿಸಿದೆವು. ಬಾನುಬಿಯವರು ಅತ್ತೆಯವರ ಬೆರಳಿಗೆ ಅರಿಷಿಣ ಮೆತ್ತಿ ಅರಿವೆ ಸುತ್ತುತ್ತ, “ಹೊಳೆವ್ವಾಯಿ, ಸಾಹೇಬ್ರ ಮೀನs ಹಿಂಗ ಕಚ್ಚತೈತಿ, ಇನ್ನ ಸಾಹೇಬ್ರು ಹೆಂಗೋ!” ಎಂದರು. ನಾನು ನಕ್ಕೆ. ಅತ್ತೆಯವರು ನಗಲಿಲ್ಲ. ಸತ್ತ ಕಿತ್ತಳೆ ಮೀನು ಅವರ ಅಂಗೈಯಲ್ಲಿತ್ತು.

ಯಜಮಾನರು ಸಂಜೆ ಬಂದರು. ತಾಯಿಯ ಬೆರಳು ನೋಡಿದರು. ತೊಟ್ಟಿಯಲ್ಲಿ ಗಡಿಗೆಯೊಳಗೆ ಅಡಗಿದ್ದ ನೀಲಿ ಮೀನನ್ನೂ, ಜೋಡಿಯಿಲ್ಲದೆ ಗಾಜಿಗೆ ಅಂಟಿಕೊಂಡಿದ್ದ ಸಣ್ಣ ಕಿತ್ತಳೆ ಮೀನನ್ನೂ ನೋಡಿದರು. ಅತ್ತೆಯವರು ಬೈಯುತ್ತಾರೆಂದು ಕಾದರು. ಅವರು ಬೈಯಲಿಲ್ಲ, ಬೈದಿದ್ದರೆ ಯಜಮಾನರು ಅಂದು ಊಟ ಮಾಡುತ್ತಿದ್ದರೋ ಏನೋ. ಮರುದಿನ ತಮಗೆ ವರದಿ ಬರೆಯುವಾಗ ನಾನು ಒಂದು ಕರಡು ಮಾಡಿಕೊಟ್ಟೆ. ಸಾವಿನ ಕಾರಣ ಎಂಬಲ್ಲಿ ‘ಆಜ್ಞಾಪಾಲನೆ’ ಎಂದು ಬರೆದಿದ್ದೆ. ಅವರು ಅದನ್ನು ಹೊಡೆದು ‘ನನ್ನ ಅಜಾಗರೂಕತೆಯಿಂದ’ ಎಂದು ಬರೆದು ಕಳುಹಿಸಿದರು.

ತಾವು ಆ ವಿನಯವನ್ನು ವ್ಯರ್ಥಮಾಡಲಿಲ್ಲ. ಆ ವರ್ಷದ ಗೋಪ್ಯ ವರದಿಯಲ್ಲಿ ನನ್ನ ಯಜಮಾನರ ಬಗ್ಗೆ ತಾವು ಬರೆದ ಒಂದು ಸಾಲನ್ನು ಅವರಿಗೆ ತಿಳಿಸಲಾಯಿತು. ಇಂಗ್ಲಿಷಿನಲ್ಲಿದ್ದ ಅದನ್ನು ಅವರು ಕನ್ನಡದಲ್ಲಿ ನನಗೆ ಓದಿ ಹೇಳಿದರು: ‘ಈತನಿಗೆ ಇತರರೊಂದಿಗೆ ಹೊಂದಿಕೊಳ್ಳುವ ಗುಣವಿಲ್ಲ; ತನ್ನ ವಶದಲ್ಲಿರುವವರಲ್ಲಿ ಹೊಂದಾಣಿಕೆ ತರುವ ಶಕ್ತಿಯೂ ಇಲ್ಲ.’ ಕಾಯಂ ಆಗುವ ಮಾತು ಅಲ್ಲಿಗೆ ನಿಂತಿತು. ಯಾರು ಏನೆಂದರೂ ಹೂಂ ಎನ್ನುವ ಮನುಷ್ಯನಲ್ಲಿ ಹೊಂದಿಕೊಳ್ಳದ ಗುಣವನ್ನು ಕಂಡುಹಿಡಿದ ತಮ್ಮ ಸೂಕ್ಷ್ಮದೃಷ್ಟಿಗೆ ನಾನು ತಲೆಬಾಗುತ್ತೇನೆ. ಹನ್ನೆರಡು ವರ್ಷ ಸಂಸಾರ ಮಾಡಿದ ನನಗೇ ಅದು ಕಂಡಿರಲಿಲ್ಲ.

ಈ ನಡುವೆ ಕೀಲುಮೀನು ಕಲ್ಲುಬಾನಿಯಲ್ಲಿ ಬೆಳೆಯಿತು. ಅತ್ತೆಯವರು ಅದಕ್ಕೂ ಗಾಳಿಯ ಕೊಳವೆ ಎಳೆಸಿದರು. ಮೊದಮೊದಲು ಕಡ್ಡಿಯ ತುದಿಯಿಂದ, ಆಮೇಲೆ ಕಚ್ಚಿಸಿಕೊಂಡ ಕೈಯಿಂದಲೇ ತಿನ್ನಿಸತೊಡಗಿದರು. ಅವರ ಹೆಜ್ಜೆಯ ಸಪ್ಪಳ ಕೇಳಿದರೆ ಅದು ಮೇಲೆ ಬಂದು ಒಂದು ಕಣ್ಣಿನಿಂದ ನೋಡುತ್ತಿತ್ತು. “ಇದು ಕೆಟ್ಟ ಮೀನ ಅಲ್ಲ ಪರಸವ್ವಾ, ಒಂಟಿ ಇರೂ ಮೀನ. ಒಂಟಿ ಇರೂದನ್ನ ತಂದು ಹಿಂಡಿನ್ಯಾಗ ಬಿಟ್ಟಾವ್ರದು ತಪ್ಪ,” ಎಂದು ಅವರು ಒಂದು ದಿನ ಹೇಳಿದರು. ನಾನಾಗಿದ್ದರೆ ಅದನ್ನು ಎಂದೋ ಬಿಸಿಲಿಗೆ ಒಗೆಯುತ್ತಿದ್ದೆ.

ಈ ವರ್ಷ ಜನವರಿಯಲ್ಲಿ ತಾವು ತಪಾಸಣೆಗೆ ಬಂದಿರಿ. ಹಗಲು ಹನ್ನೊಂದರ ಹೊತ್ತಿಗೆ ಮೂವರು ಓವರ್‌ಸಿಯರರೊಂದಿಗೆ ನಮ್ಮ ಗುಡಿಸಿದ ಅಂಗಳವನ್ನು ತಮ್ಮ ಬೂಟಿನಿಂದ ಪಾವನಗೊಳಿಸಿದಿರಿ. ತೊಟ್ಟಿಯಲ್ಲಿ ನೀಲಿ, ಸಣ್ಣ ಕಿತ್ತಳೆ ಮತ್ತು ಬಾಲ ಮತ್ತೆ ಚಿಗುರಿದ ಹಳದಿ ಮೀನು ಇದ್ದವು. ತಮ್ಮ ಪ್ರಿಯಮೀನು ದನದ ಬಾನಿಯಲ್ಲಿರುವುದನ್ನು ಕಂಡು ತಮ್ಮ ಮುಖ ಕೆಂಪಾಯಿತು. ಅದನ್ನು ಈಗಲೇ, ತಮ್ಮ ಕಣ್ಣೆದುರಿಗೇ, ತೊಟ್ಟಿಗೆ ಹಾಕಬೇಕೆಂದು ಅಪ್ಪಣೆ ಕೊಟ್ಟಿರಿ. ಮೀನುಗಳು ಹೊಂದಿಕೊಳ್ಳುತ್ತವೆ, ಹೊಂದಿಸುವ ಕೈ ಸರಿಯಿರಬೇಕು ಎಂದಿರಿ.

ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಯಜಮಾನರ ಬೆನ್ನನ್ನು ನೋಡುತ್ತಿದ್ದೆ. ಅಂಗಿ ಬೆವರಿಗೆ ಅಂಟಿತ್ತು. ಅವರು ಬಾನಿಯ ಕಡೆಗೆ ಹೋಗುತ್ತಾರೆಂದುಕೊಂಡೆ. ಅವರು ಹೋಗಿ ತೊಟ್ಟಿಯ ಮುಂದೆ ನಿಂತರು.

“ಇಲ್ಲರಿ ಸಾಹೇಬ್ರ,” ಎಂದರು.

ತಾವು ಕೇಳಿಸಲಿಲ್ಲವೆಂಬಂತೆ ಮತ್ತೊಮ್ಮೆ, ಈ ಸಲ ಇಂಗ್ಲಿಷಿನಲ್ಲಿ, ಅಪ್ಪಣೆ ಕೊಟ್ಟಿರಿ.

“ಹಾಕಂಗಿಲ್ಲರಿ. ಒಮ್ಮಿ ಹಾಕೇನಿ. ತಪ್ಪಂತ ಗೊತ್ತಿದ್ದೂ ಹಾಕಿದ್ನಿ. ನಮ್ಮವ್ವನ ಬೆರಳ ನೋಡ್ರಿ ಬೇಕಾರ. ಇನ್ನೊಮ್ಮಿ ಹಾಕಂಗಿಲ್ಲ.”

ಓವರ್‌ಸಿಯರರು ನೆಲ ನೋಡಿದರು. ಸಿಕಂದರಭಾಯಿ ಮಾತ್ರ ಯಜಮಾನರನ್ನೇ ನೋಡುತ್ತಿದ್ದರು. ತಾವು ಆ ಮೂರು ಹಾಳಾದ ಮೀನುಗಳನ್ನು ಗಟಾರಕ್ಕೆ ಚೆಲ್ಲಿ, ತೊಟ್ಟಿಯನ್ನು ಒಡೆದುಹಾಕಿ ಎಂದು ಹೇಳಿ, ಕೀಲುಮೀನನ್ನಷ್ಟೇ ಜಾಡಿಗೆ ಹಾಕಿಸಿಕೊಂಡು ಜೀಪು ಹತ್ತಿದಿರಿ. ಆಗ ಅತ್ತೆಯವರು ಜೀಪಿನ ಹತ್ತಿರ ಬಂದು ತಮಗೆ ಒಂದು ಮಾತು ಹೇಳಿದರು. ತಾವು ಮುಖ ಆ ಕಡೆ ಮಾಡಿದ್ದರಿಂದ ಕೇಳಿಸಿರಲಿಕ್ಕಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ: “ಸಾಹೇಬ್ರ, ಅದನ್ನ ಬ್ಯಾರೇನs ಇಡ್ರಿ. ಕೈಲೆ ತಿನಸ್ರಿ. ಅಂಜಸಬ್ಯಾಡ್ರಿ.” ಅವರು ಆ ಮಧ್ಯಾಹ್ನವೆಲ್ಲ ಖಾಲಿ ಬಾನಿಯ ಪಕ್ಕದಲ್ಲಿ ಕುಳಿತಿದ್ದರು.

ಕಳೆದ ವಾರ ತಮ್ಮ ರುಜುವುಳ್ಳ ವರ್ಗದ ಆದೇಶ ಬಂತು. ಅಶಿಸ್ತಿಗಾಗಿ ಯಜಮಾನರನ್ನು ಅಂಕೋಲೆಯ ಕಚೇರಿಗೆ, ಎರಡು ದಿನದ ದಾರಿಯಾಚೆ, ಮಳೆ ಸುರಿಯುವ ಕಾಲಕ್ಕೆ ಸರಿಯಾಗಿ ಕಳುಹಿಸಿದ್ದೀರಿ. ಅತ್ತೆಯವರು ಅರಕೇರಿಗೆ ಹಿರಿಯ ಮಗನ ಮನೆಗೆ ಹೋಗುತ್ತಾರೆಂದು ನಾವು ತಿಳಿದಿದ್ದೆವು. ಅವರು ನನ್ನನ್ನು ಕೇಳಿದರು: “ಅಲ್ಲಿ ನೀರೆಲ್ಲಾ ಉಪ್ಪಂತ ಹೌದ?” ಹೌದೆಂದೆ. “ಮತ್ತ ಮಂದಿ ಏನ ಕುಡೀತಾರ?” ಬಾವಿಯ ನೀರು ಸಿಹಿ ಇರುತ್ತದಂತೆ ಎಂದೆ. “ಹಂಗಾರ ಬರ್ತೀನಿ. ನೀ ಒಬ್ಬಾಕೀನs ಮೂರೂ ಮೀನ ಹೆಂಗ ಒಯ್ತಿ?” ಎಂದರು. ಈಗ ಒಳಗೆ ಬುತ್ತಿಗೆ ಸಜ್ಜಿರೊಟ್ಟಿ ಬಡಿಯುತ್ತಿದ್ದಾರೆ, ನನ್ನ ಒಲೆಯ ಮೇಲೆ. ಮೀನುಗಳನ್ನು ಅಲ್ಲಿ ಸಮುದ್ರಕ್ಕೆ ಬಿಡುವುದೋ ತೊಟ್ಟಿಯಲ್ಲೇ ಇರಿಸಿಕೊಳ್ಳುವುದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮೊದಲು ಸಮುದ್ರದ ಗುಣ ನೋಡಬೇಕೆಂದು ಅತ್ತೆಯವರ ಅಭಿಪ್ರಾಯ.

ಪತ್ರ ಮುಗಿಸುವ ಮುನ್ನ ತಮ್ಮಲ್ಲಿ ಕೆಲವು ವಿನಂತಿಗಳಿದ್ದವು. ಮುಂದೆ ಯಾವ ಮೀನನ್ನಾದರೂ ಎಲ್ಲಿಗಾದರೂ ನೇಮಿಸುವಾಗ ಅಲ್ಲಿರುವ ಮೀನುಗಳ ಲಿಖಿತ ಒಪ್ಪಿಗೆ ಪಡೆಯಬೇಕೆಂದೂ, ಕಚ್ಚುವ ಮೀನುಗಳ ಗೋಪ್ಯ ವರದಿಯನ್ನು ಕಚ್ಚಿಸಿಕೊಂಡ ಮೀನುಗಳಿಂದ ಬರೆಸಬೇಕೆಂದೂ, ಅದಾಗದಿದ್ದರೆ ಅರಬ್ಬಿ ಸಮುದ್ರವನ್ನೇ ಒಂದು ಸಲ ವಿಜಾಪುರಕ್ಕೆ ವರ್ಗ ಮಾಡಿ ಇಲ್ಲಿಯ ಬಿಸಿಲಿನಲ್ಲಿ ಅದು ಹೇಗೆ ಹೊಂದಿಕೊಳ್ಳುತ್ತದೆಂದು ಪರೀಕ್ಷಿಸಬೇಕೆಂದೂ ಕೇಳಬೇಕೆಂದಿದ್ದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೋಪ್ಯ ವರದಿಯ ಆ ಒಂದು ಸಾಲನ್ನು ಹೊಡೆದುಹಾಕಬೇಕೆಂದು ಕೈಮುಗಿದು ಬೇಡಿಕೊಳ್ಳುವವಳಿದ್ದೆ. ಆದರೆ ಈ ಪತ್ರವನ್ನು ಓದಿ ಹೇಳಿದಾಗ ಯಜಮಾನರು ಅಲ್ಲಿಗೆ ನನ್ನನ್ನು ತಡೆದರು.

“ಅದೊಂದ ಕೇಳಬ್ಯಾಡ,” ಎಂದರು. “ಇರಲಿ ಬಿಡು. ಸಾಹೇಬ್ರು ಬರದಾಗ ಅದು ಸುಳ್ಳಿತ್ತು. ಈಗ ಖರೇ ಆಗೇತಿ.”

ಆದ್ದರಿಂದ ಕೇಳುತ್ತಿಲ್ಲ.

ಇನ್ನು ಮುಂದೆ ಎಂದೂ ಹೊಂದಿಕೊಳ್ಳದೆ ಇರುವ,
ತಮ್ಮ ವಿಶ್ವಾಸಿ,
ಪರಸವ್ವ ಅಮೋಘಿ

ತಾ.ಕ.: ತಮ್ಮ ಬಂಗಲೆಯ ಹೊಸ ತೊಟ್ಟಿ ಆರು ಅಡಿ ಉದ್ದವಿದೆಯೆಂದೂ, ಅದರಲ್ಲಿ ತಾವು ಹಾಕಿಸಿದ ಹನ್ನೆರಡು ಮೀನುಗಳು ಹದಿನೈದು ದಿನಗಳಲ್ಲಿ ತೀರಿಕೊಂಡು ಈಗ ಕೀಲುಮೀನು ಒಂದೇ ಅಷ್ಟೂ ಜಾಗದಲ್ಲಿ ತಿರುಗಾಡುತ್ತಿದೆಯೆಂದೂ ಸಿಕಂದರಭಾಯಿ ನೋಡಿ ಬಂದು ಹೇಳಿದರು. ತಾವು ಇದಕ್ಕಾಗಿ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಯಾರೊಂದಿಗೂ ಬಾಳಲಾರದವರಿಗೆ ಎಲ್ಲರಿಗಿಂತ ದೊಡ್ಡ ಬಂಗಲೆ ಕೊಡುವ ಪದ್ಧತಿ ತಮ್ಮ ಇಲಾಖೆಯಲ್ಲಿ ಹಿಂದಿನಿಂದಲೂ ನಡೆದುಬಂದಿದೆ.